ಹ್ಯಾಕಥಾನ್‌ಗೆ ಮೊದಲು ಸಮಸ್ಯೆಗೊಬ್ಬ ವಾರಸುದಾರರನ್ನು ಹುಡುಕಿ

ಪ್ರಶ್ನೆ: ನಾನು ಬಯಲುಸೀಮೆಯ ತಾಲ್ಲೂಕು ಕೇಂದ್ರವೊಂದರ ಎಂಜಿನಿಯರಿಂಗ್ ಕಾಲೇಜಿನಲ್ಲಿ ಉಪನ್ಯಾಸಕಿ. ಸುತ್ತಲಿನ ಹಳ್ಳಿಗಳ ನೀರು ಮತ್ತು ಪರಿಸರದ ಸಮಸ್ಯೆಗಳ ಮೇಲೆ ಎರಡು ದಿನಗಳ ಹ್ಯಾಕಥಾನ್ (ತಂಡಗಳು ಒಂದೆಡೆ ಕುಳಿತು ನಿಗದಿತ ಸಮಯದಲ್ಲಿ ಸಮಸ್ಯೆಗೆ ಪರಿಹಾರ ರೂಪಿಸುವ ಕೂಟ) ನಡೆಸುವ ಹೊಣೆ ನನ್ನ ಮೇಲೆ ಬಿದ್ದಿದೆ. ಈ ಸಲ ನಮ್ಮ ವಿದ್ಯಾರ್ಥಿಗಳ ಜೊತೆಗೆ ಪಕ್ಕದ ಪದವಿ ಕಾಲೇಜಿನ ವಾಣಿಜ್ಯ ಮತ್ತು ಕಲಾ ವಿಭಾಗದವರು, ಪ್ರೌಢಶಾಲೆಯ ಮಕ್ಕಳು, ರೈತರು, ನಿವೃತ್ತರು ಎಲ್ಲರನ್ನೂ ಸೇರಿಸಬೇಕೆಂಬ ಆಸೆ. ಹಿಂದಿನ ಸಲ ನಡೆಸಿದ್ದರಲ್ಲಿ ಹದಿನಾಲ್ಕು ಆ್ಯಪ್‌ಗಳು ತಯಾರಾದವು. ಇಂದು ಒಂದೂ ಬಳಕೆಯಲ್ಲಿಲ್ಲ. ಹಿರಿಯರನ್ನು ಕರೆದರೆ ಭಾಷಣ, ಮಕ್ಕಳನ್ನು ಕರೆದರೆ ಗದ್ದಲ ಎಂದು ಸಹೋದ್ಯೋಗಿಗಳು ಹೆದರಿಸುತ್ತಿದ್ದಾರೆ. ಇದನ್ನು ಹೇಗೆ ನಡೆಸಿದರೆ ಊರಿಗೆ ಉಪಯೋಗವಾದೀತು?

ಉತ್ತರ: ನಿಮ್ಮ ಸಹೋದ್ಯೋಗಿಗಳ ಹೆದರಿಕೆಯಲ್ಲಿ ಸ್ವಲ್ಪ ಹುರುಳಿದೆ, ಆದರೆ ಭಾಷಣವನ್ನೂ ಗದ್ದಲವನ್ನೂ ನಿಭಾಯಿಸಬಹುದು. ಹದಿನಾಲ್ಕು ಆ್ಯಪ್‌ಗಳು ಮೂಲೆ ಸೇರಿದ ಕಾರಣ ಬೇರೆ. ಸಮಾರೋಪ ಮುಗಿದ ಮರುದಿನ ‘ಅದು ಎಲ್ಲಿಗೆ ಬಂತು?’ ಎಂದು ಕೇಳುವವರು ಒಬ್ಬರೂ ಇರಲಿಲ್ಲ. ಆದ್ದರಿಂದ ದಿನಾಂಕ, ಬ್ಯಾನರು, ಬಹುಮಾನದ ಮೊತ್ತ ಇವನ್ನೆಲ್ಲ ಪಕ್ಕಕ್ಕಿಡಿ. ಯಾವ ಸಮಸ್ಯೆಯನ್ನು ಎತ್ತಿಕೊಂಡರೂ ಅದಕ್ಕೊಬ್ಬ ವಾರಸುದಾರ ಇದ್ದಾರೆಯೇ ಎಂದು ಮೊದಲು ನೋಡಿ. ಆರು ತಿಂಗಳ ನಂತರವೂ ಆ ಸಮಸ್ಯೆ ಯಾರ ದಿನನಿತ್ಯದ ಕೆಲಸದ ಭಾಗವಾಗಿರುತ್ತದೋ ಅವರೇ ಅದರ ವಾರಸುದಾರರು.

ಹ್ಯಾಕಥಾನ್ ಪದ್ಧತಿ ಹುಟ್ಟಿದ್ದೇ ಹಾಗೆ. 1999ರ ಜೂನ್‌ನಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ ಓಪನ್‌ಬಿಎಸ್‌ಡಿ ಎಂಬ ಕಂಪ್ಯೂಟರ್ ಕಾರ್ಯಾಚರಣಾ ವ್ಯವಸ್ಥೆಯನ್ನು ಬರೆಯುತ್ತಿದ್ದ ಹತ್ತು ಮಂದಿ ಒಟ್ಟಿಗೆ ಕುಳಿತರು. ಗೂಢಲಿಪಿಗೆ ಸಂಬಂಧಿಸಿದ ತಂತ್ರಾಂಶದ ರಫ್ತಿನ ಮೇಲೆ ಅಮೆರಿಕದಲ್ಲಿದ್ದ ಕಾನೂನಿನ ತೊಡಕು ಬೇಡವೆಂದು ಕೆನಡಾ. ಹ್ಯಾಕಥಾನ್ ಎಂಬ ಹೆಸರು ಬಳಕೆಗೆ ಬಂದದ್ದು ಆ ಸಭೆಯಿಂದ. ಆ ಹತ್ತು ಮಂದಿಗೂ ಅದು ತಮ್ಮದೇ ಕೆಲಸ. ಬರುವ ಮೊದಲೂ ಅದನ್ನೇ ಮಾಡುತ್ತಿದ್ದರು, ಊರಿಗೆ ಮರಳಿದ ಮೇಲೂ ಅದನ್ನೇ ಮಾಡಿದರು. ನಡುವಿನ ಕೆಲವು ದಿನಗಳು ಎದುರುಬದುರು ಕುಳಿತು ಗಂಟು ಬಿಡಿಸಿಕೊಳ್ಳಲು ಸಿಕ್ಕ ಅವಕಾಶವಷ್ಟೇ. ನಾವು ಎರವಲು ತಂದದ್ದು ರಾತ್ರಿ ಜಾಗರಣೆ, ಕಾಫಿ ಮತ್ತು ಗಡಿಯಾರವನ್ನು. ಕೆಲಸದ ಒಡೆತನವನ್ನು ಅಲ್ಲಿಯೇ ಬಿಟ್ಟುಬಂದೆವು.

ನೀರಿನ ವಿಷಯದಲ್ಲಿ ಇಂಥ ಪ್ರಯತ್ನ ನಮಗೆ ಹೊಸದೂ ಅಲ್ಲ. 2011ರ ಅಕ್ಟೋಬರ್‌ನಲ್ಲಿ ವಿಶ್ವಬ್ಯಾಂಕ್ ಜಗತ್ತಿನ ಹತ್ತು ನಗರಗಳಲ್ಲಿ ಒಟ್ಟಿಗೆ ನೀರಿನ ಹ್ಯಾಕಥಾನ್ ನಡೆಸಿದಾಗ ಬೆಂಗಳೂರೂ ಅದರಲ್ಲಿತ್ತು. ಆದರೆ ನಿಮಗೆ ಹೆಚ್ಚು ಪಾಠ ಕಲಿಸುವುದು ಹ್ಯಾಕಥಾನ್‌ನಲ್ಲಿ ಹುಟ್ಟದ, ನಮ್ಮದೇ ನೆಲದ ಇನ್ನೊಂದು ಕಥೆ. ಹುಬ್ಬಳ್ಳಿ-ಧಾರವಾಡದಲ್ಲಿ ನಲ್ಲಿ ನೀರು ಹಲವು ದಿನಗಳಿಗೊಮ್ಮೆ ಬರುತ್ತಿದ್ದ ಕಾಲ. ಯಾವಾಗ ಬರುತ್ತದೆ ಎಂದು ಗೊತ್ತಿಲ್ಲದೆ ಜನ ಮನೆಯಲ್ಲೇ ಕಾಯಬೇಕಿತ್ತು. ಅಮೆರಿಕದ ವಿಶ್ವವಿದ್ಯಾಲಯಗಳ ಕೆಲವು ವಿದ್ಯಾರ್ಥಿಗಳು ಅಲ್ಲಿ ನೆಕ್ಸ್ಟ್‌ಡ್ರಾಪ್ ಎಂಬ ಸೇವೆ ಆರಂಭಿಸಿದರು. ವಾಲ್ವ್ ತಿರುಗಿಸುವ ನೌಕರ ನೀರು ಬಿಟ್ಟ ಕೂಡಲೇ ಫೋನ್ ಮಾಡಿ ತಿಳಿಸುತ್ತಾನೆ, ಆ ಬಡಾವಣೆಯ ಮನೆಗಳಿಗೆ ಎಸ್‌ಎಂಎಸ್ ಹೋಗುತ್ತದೆ. ಯೋಚನೆ ಚೆನ್ನಾಗಿತ್ತು, ದುಬಾರಿ ಯಂತ್ರವೂ ಬೇಕಿರಲಿಲ್ಲ. ಮುಂದೆ ಸೇವೆ ಬೆಂಗಳೂರಿಗೂ ಬಂದಾಗ ಸಂಶೋಧಕರು ಅದನ್ನು ಪರೀಕ್ಷಿಸಿ ನೋಡಿದರು. ಮನೆಗಳಿಗಾದ ಪ್ರಯೋಜನ ನಿರೀಕ್ಷಿಸಿದ್ದಕ್ಕಿಂತ ಬಹಳ ಕಡಿಮೆ ಇತ್ತು. ಒಂದು ಮುಖ್ಯ ಕಾರಣ, ವಾಲ್ವ್ ನೌಕರರು ಪ್ರತಿ ಸಲವೂ ಮಾಹಿತಿ ಕೊಡುತ್ತಿರಲಿಲ್ಲ. ಇಡೀ ವ್ಯವಸ್ಥೆ ನಿಂತದ್ದು ಆ ಒಬ್ಬರ ಫೋನ್ ಕರೆಯ ಮೇಲೆ. ದಿನಕ್ಕೆ ಹತ್ತಾರು ವಾಲ್ವ್ ತಿರುಗಿಸುವವರಿಗೆ ಅದು ಇನ್ನೊಂದು ಹೊರೆ. ಹಾಗೆಯೇ, ಎಸ್‌ಎಂಎಸ್ ಬರುವ ಮೊಬೈಲು ಕೆಲಸಕ್ಕೆ ಹೋದ ಗಂಡನ ಜೇಬಿನಲ್ಲಿದ್ದರೆ ನಲ್ಲಿಯ ಮುಂದೆ ಕಾಯುವವರಿಗೆ ಅದರಿಂದ ಏನು ಲಾಭ? ಇಂಥ ಪ್ರಶ್ನೆಗಳನ್ನು ಕಂಪ್ಯೂಟರ್ ವಿಜ್ಞಾನದ ಆರು ಮಂದಿ ಒಂದೇ ಮೇಜಿನ ಸುತ್ತ ಕುಳಿತರೆ ಹುಡುಕಲಾರರು. ಒಬ್ಬ ಗೃಹಿಣಿ, ಒಬ್ಬ ವಾಟರ್‌ಮನ್ ಜೊತೆಗಿದ್ದರೆ ಮೊದಲ ಅರ್ಧ ಗಂಟೆಯಲ್ಲೇ ಎದ್ದು ಬರುತ್ತವೆ. ತಲೆಮಾರು, ವಿಷಯ, ವೃತ್ತಿಗಳನ್ನು ಬೆರೆಸಬೇಕು ಎನ್ನುವುದು ಈ ಕಾರಣಕ್ಕೆ, ವೇದಿಕೆಯ ಅಂದಕ್ಕಲ್ಲ.

ಇನ್ನು ಸಮಸ್ಯೆಯ ಆಯ್ಕೆ. ‘ಕೆರೆ ಉಳಿಸಿ’, ‘ನೀರಿನ ಸುಸ್ಥಿರ ಬಳಕೆ’ ಎಂದೆಲ್ಲ ವಿಷಯ ಕೊಟ್ಟರೆ ನಿಮಗೆ ಸಿಗುವುದು ಮತ್ತೆ ಹದಿನಾಲ್ಕು ಆ್ಯಪ್‌ಗಳೇ. ಕೈಗೆ ಸಿಗುವಷ್ಟು ಚಿಕ್ಕ ಸಮಸ್ಯೆ ಬೇಕು. ನಾನಾದರೆ ನಿಮ್ಮ ಭಾಗದ ಯಾವುದಾದರೂ ಒಂದು ಹಳ್ಳಿಯ ಶುದ್ಧ ಕುಡಿಯುವ ನೀರಿನ ಘಟಕದಿಂದ ಆರಂಭಿಸುತ್ತೇನೆ. ಮುಂದೆ ನಾಣ್ಯ ಹಾಕುವ ಪೆಟ್ಟಿಗೆ, ಸಾಲಿನಲ್ಲಿ ಇಪ್ಪತ್ತು ಲೀಟರಿನ ಕ್ಯಾನುಗಳು, ಇದು ಎಲ್ಲರಿಗೂ ಗೊತ್ತು. ಹಿಂದಕ್ಕೆ ಹೋಗಿ ನೋಡಿ. ಗೋಡೆಯಿಂದ ಒಂದು ಪೈಪು ಹೊರಬಂದು ಚರಂಡಿಗೆ ನೀರು ಸುರಿಯುತ್ತಿರುತ್ತದೆ. ಚರಂಡಿ ಇಲ್ಲದ ಕಡೆ ಅಲ್ಲೇ ಹೊಂಡ, ಹೊಂಡದ ಅಂಚಿನಲ್ಲಿ ಒಣಗಿದ ಬಿಳಿ ಉಪ್ಪು, ಸುತ್ತ ಸೊಳ್ಳೆ. ಯಾರೋ ಒಬ್ಬರು ಅದರಲ್ಲೇ ಪಾತ್ರೆ ತೊಳೆಯುತ್ತಿರುತ್ತಾರೆ, ಪಕ್ಕದಲ್ಲಿ ಎಮ್ಮೆ ನಿಂತಿರುತ್ತದೆ. ‘ಇಷ್ಟು ನೀರು ಪೋಲಾಗುತ್ತಿದೆ, ಇದನ್ನು ಬಳಸಿಕೊಳ್ಳಲಾಗದೇ?’ ಎಂಬುದು ಊರಿನವರೆಲ್ಲ ಕೇಳುವ ಪ್ರಶ್ನೆ. ನಿಮ್ಮ ಹ್ಯಾಕಥಾನ್‌ಗೆ ಅದು ಸಾಕು.

ಏಕೆಂದರೆ ಅದರ ಒಳಗೆ ಇಳಿದರೆ ಯಾವ ಒಂದು ವಿಭಾಗಕ್ಕೂ ಅದು ಪೂರ್ತಿ ಬಗ್ಗುವುದಿಲ್ಲ. ಘಟಕ ಗಂಟೆಗೆ 2,000 ಲೀಟರ್ ಬೋರ್‌ವೆಲ್ ನೀರು ತೆಗೆದುಕೊಂಡು 1,000 ಲೀಟರ್ ಕುಡಿಯುವ ನೀರು ಕೊಡುತ್ತದೆ ಎಂದಿಟ್ಟುಕೊಳ್ಳಿ. ಉಳಿದ 1,000 ಲೀಟರಿನೊಳಗೆ ಹೆಚ್ಚುಕಡಿಮೆ ಎಲ್ಲ ಲವಣವೂ ತುಂಬಿಕೊಂಡಿರುತ್ತದೆ. ಬೋರ್‌ವೆಲ್ ನೀರಿನಲ್ಲಿ ಲೀಟರಿಗೆ 2 ಮಿಲಿಗ್ರಾಂ ಫ್ಲೋರೈಡ್ ಇದ್ದರೆ ಹಿಂದಿನ ಪೈಪಿನಲ್ಲಿ ಹತ್ತಿರ ಹತ್ತಿರ 4. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಮೀರಬಾರದು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ. ಈಗ ಎಮ್ಮೆಯ ವಿಷಯ ಬೇರೆಯಾಗಿ ಕಾಣುತ್ತದೆ. ಫ್ಲೋರೈಡ್ ಮನುಷ್ಯರ ಹಲ್ಲು, ಮೂಳೆಗಳನ್ನು ಕೆಡಿಸುವಂತೆ ಜಾನುವಾರುಗಳದ್ದನ್ನೂ ಕೆಡಿಸುತ್ತದೆ. ಎಂಜಿನಿಯರಿಂಗ್ ಹುಡುಗರು ಮೊದಲು ಹೇಳುವ ಉಪಾಯ ‘ಇಂಗುಗುಂಡಿ ಮಾಡಿ ಭೂಮಿಗೆ ಇಂಗಿಸೋಣ’. ಅದು ಇದ್ದುದರಲ್ಲೇ ಕೆಟ್ಟ ಉಪಾಯ. ಮೇಲೆತ್ತಿದ ವಿಷವನ್ನು ಗಟ್ಟಿ ಮಾಡಿ ಅದೇ ಬೋರ್‌ವೆಲ್‌ಗೆ ಮರಳಿಸಿದಂತಾಯಿತು. ಇದನ್ನು ತಡೆಯಲು ರಸಾಯನಶಾಸ್ತ್ರದ ಒಬ್ಬ ವಿದ್ಯಾರ್ಥಿ ಬೇಕು. ಎಮ್ಮೆಗಳ ಹಲ್ಲು ಯಾವಾಗಿನಿಂದ ಹಾಳಾಗುತ್ತಿವೆ ಎಂದು ಹೇಳಲು ಹೈನುಗಾರಿಕೆ ಮಾಡುವ ಅಜ್ಜಿಯೊಬ್ಬರು ಬೇಕು.

ಇಲ್ಲಿ ವಾಣಿಜ್ಯ ವಿಭಾಗದವರಿಗೆ ಇನ್ನೂ ಒಳ್ಳೆಯ ಕೆಲಸವಿದೆ. ಇಪ್ಪತ್ತು ಲೀಟರಿಗೆ ಐದು ರೂಪಾಯಿಯಂತೆ ದಿನಕ್ಕೆ ನೂರು ಕ್ಯಾನು ಹೋದರೆ ತಿಂಗಳಿಗೆ 15,000 ರೂಪಾಯಿ. ಅದರಲ್ಲಿ ವಿದ್ಯುತ್ ಬಿಲ್ ಎಷ್ಟು, ನೋಡಿಕೊಳ್ಳುವವರ ಸಂಬಳ ಎಷ್ಟು, ಸೋಸುವ ಪೊರೆಯನ್ನು ಬದಲಿಸಲು ಯಾರಾದರೂ ಹಣ ತೆಗೆದಿಡುತ್ತಿದ್ದಾರೆಯೇ? ಈ ಲೆಕ್ಕ ಬರೆದು ನೋಡಿದರೆ ಘಟಕ ಯಾವಾಗ ಬಾಗಿಲು ಹಾಕುತ್ತದೆ ಎಂಬುದನ್ನು ಮುಂಚೆಯೇ ಹೇಳಬಹುದು. ಬಯಲುಸೀಮೆಯಲ್ಲಿ ಕೆಟ್ಟು ನಿಂತ ಘಟಕಗಳಿಗೆ ಬರವಿಲ್ಲ. ಅವುಗಳ ಕಾಯಿಲೆ ಎಷ್ಟೋ ಸಲ ಯಂತ್ರದ್ದಲ್ಲ, ಲೆಕ್ಕದ್ದು. ಸೆನ್ಸರ್ ಜೋಡಿಸುವುದಕ್ಕಿಂತ ಈ ಒಂದು ಹಾಳೆಯ ಲೆಕ್ಕ ಊರಿಗೆ ಹೆಚ್ಚು ಬೆಲೆಬಾಳುತ್ತದೆ ಎಂದು ನನ್ನ ಅಂದಾಜು. ಕೊನೆಗೆ ಪರಿಹಾರವೆಂದು ಬರುವುದು ಏನು? ಪಕ್ಕದ ಶಾಲೆಯ ಅಥವಾ ಸಮುದಾಯ ಶೌಚಾಲಯದ ತೊಟ್ಟಿಗೆ ಒಂದು ಪೈಪು, ‘ಈ ನೀರು ಕುಡಿಯಲು, ದನಕ್ಕೆ, ತೋಟಕ್ಕೆ ಬೇಡ’ ಎಂಬ ಬೋರ್ಡು, ಮತ್ತು ಆ ಪೈಪನ್ನು ನೋಡಿಕೊಳ್ಳುವವರ ಹೆಸರು. ನೋಡಲು ಸಪ್ಪೆ. ಇಂಥ ಸಪ್ಪೆ ಪರಿಹಾರಕ್ಕೆ ಪ್ರಥಮ ಬಹುಮಾನ ಕೊಡುವ ಧೈರ್ಯ ನಿಮ್ಮ ತೀರ್ಪುಗಾರರಿಗೆ ಇರಬೇಕು.

ಪ್ರೌಢಶಾಲೆಯ ಮಕ್ಕಳು ಎಂದಿರಿ. ಅವರನ್ನು ಪ್ರೇಕ್ಷಕರಾಗಿ ಕೂರಿಸಬೇಡಿ, ಅಳೆಯುವ ಕೆಲಸ ಕೊಡಿ. ಒಂದು ಹೆಕ್ಟೇರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ 10,000 ಲೀಟರ್ ನೀರು. ಒಂಬತ್ತನೇ ತರಗತಿಯ ಗಣಿತಕ್ಕೆ ಇಷ್ಟು ಸಾಕು. 500 ಹೆಕ್ಟೇರಿನ ಹಳ್ಳಿಗೆ ವರ್ಷಕ್ಕೆ 550 ಮಿಲಿಮೀಟರ್ ಮಳೆ ಬಂದರೆ 275 ಕೋಟಿ ಲೀಟರ್. ಜಲಜೀವನ್ ಮಿಷನ್ ಹೇಳುವ ಲೆಕ್ಕದಂತೆ ಒಬ್ಬರಿಗೆ ದಿನಕ್ಕೆ 55 ಲೀಟರ್ ಹಿಡಿದರೆ 3,000 ಜನರಿಗೆ ವರ್ಷಕ್ಕೆ ಬೇಕಾದದ್ದು ಸುಮಾರು 6 ಕೋಟಿ ಲೀಟರ್. ಹಾಗಾದರೆ ಉಳಿದದ್ದು ಎಲ್ಲಿಗೆ ಹೋಯಿತು? ಆವಿಯಾದದ್ದೆಷ್ಟು, ಹರಿದುಹೋದದ್ದೆಷ್ಟು, ಬೆಳೆ ಕುಡಿದದ್ದೆಷ್ಟು? ಈ ಪ್ರಶ್ನೆಯನ್ನು ಮಕ್ಕಳೇ ಎದ್ದು ನಿಂತು ದೊಡ್ಡವರಿಗೆ ಕೇಳಲಿ. ಆಂಧ್ರದ ಬರಪೀಡಿತ ಜಿಲ್ಲೆಗಳಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ ರೈತರೇ ಮಳೆ ಅಳೆದು, ಬೋರ್‌ವೆಲ್ ಮಟ್ಟ ಅಳೆದು, ಹಿಂಗಾರಿಗೆ ಮೊದಲು ಒಟ್ಟಿಗೆ ಕುಳಿತು ನೀರಿನ ಆಯವ್ಯಯ ಮಾಡುತ್ತಿದ್ದರು. ಅಟಲ್ ಭೂಜಲ ಯೋಜನೆಯೂ ಕರ್ನಾಟಕ ಸೇರಿ ಏಳು ರಾಜ್ಯಗಳ ಆಯ್ದ ಪಂಚಾಯಿತಿಗಳಿಂದ ಇದನ್ನೇ ಮಾಡಿಸಿತು. ಮಳೆಯ ಅಂಕಿಗಳಿಗಾಗಿ ಪರದಾಡಬೇಕಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆಮಾಪಕಗಳನ್ನು ಇಟ್ಟಿದೆ. ಒಂದು ಎಚ್ಚರಿಕೆ: ಬೆಳೆಯ ಲೆಕ್ಕ ಬಂದಾಗ ರಾಗಿಯ ಪಕ್ಕದಲ್ಲಿ ಹೆಚ್ಚು ನೀರು ಕುಡಿಯುವ ಅಡಿಕೆಯ ಹೆಸರೂ ಬರುತ್ತದೆ. ಆಗ ಮೇಜಿನ ಸುತ್ತ ಕುಳಿತ ಕೆಲವರ ಮುಖ ಬಿಗಿಯುತ್ತದೆ. ಬಿಗಿಯಲಿ, ಚರ್ಚೆ ದಾರಿಗೆ ಬಂತೆಂದು ತಿಳಿಯಿರಿ.

ಹಿರಿಯರ ವಿಷಯದಲ್ಲಿ ನಮ್ಮ ಕಾರ್ಯಕ್ರಮಗಳು ಮಾಡುವ ತಪ್ಪು ಎಂದರೆ ಶಾಲು ಹೊದಿಸಿ ವೇದಿಕೆಯಲ್ಲಿ ಕೂರಿಸುವುದು. ವೇದಿಕೆ ಹತ್ತಿಸಿ ಮೈಕ್ ಕೊಟ್ಟರೆ ಯಾರೇ ಆದರೂ ಭಾಷಣ ಮಾಡುತ್ತಾರೆ. ಕೆರೆಯ ಏರಿಯ ಮೇಲೆ ನಡೆಸಿಕೊಂಡು ಹೋದರೆ ಮಾತು ತಾನಾಗಿ ಬದಲಾಗುತ್ತದೆ. ಹ್ಯಾಕಥಾನ್‌ಗೆ ಮೂರು ವಾರ ಮೊದಲು ಒಂದು ಭಾನುವಾರ ಬೆಳಿಗ್ಗೆ ಪ್ರತಿ ತಂಡವನ್ನೂ ಒಬ್ಬ ಹಿರಿಯರ ಜೊತೆ ಕೆರೆಗೆ ನೀರು ತರುವ ಕಾಲುವೆಯ ಗುಂಟ ಕಳಿಸಿ. ಹುಡುಗರ ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಇರಲಿ. ನಿಂತ ಜಾಗದ ಸರ್ವೆ ನಂಬರು, ಕೆರೆ, ಹಳ್ಳ, ಕಾಲುವೆಗಳ ಗಡಿ ಅದರಲ್ಲಿ ಕಾಣುತ್ತದೆ. ಆ್ಯಪ್ ತೋರಿಸುವ ಕಾಲುವೆ ಒಂದು ಕಡೆ, ಹಿರಿಯರು ಬೆರಳು ಮಾಡಿ ತೋರಿಸುವ ಕಾಲುವೆ ಇನ್ನೊಂದು ಕಡೆ, ನೀರು ಈಗ ಹರಿಯುವುದು ಮೂರನೆಯ ಕಡೆ. ಈ ಮೂರನ್ನೂ ಒಂದೇ ನಕ್ಷೆಯ ಮೇಲೆ ಗುರುತಿಸುವುದೇ ಒಂದು ಪೂರ್ತಿ ಕೆಲಸ, ಪಂಚಾಯಿತಿಗೆ ಬೇಕಾದ ಕೆಲಸ ಕೂಡ.

ಹಿರಿಯರನ್ನು ಇಸವಿ ಕೇಳಬೇಡಿ. ‘ಕೋಡಿ ಬಿದ್ದದ್ದು ಯಾವಾಗ?’ ಎಂದರೆ ‘ದೊಡ್ಡ ಮಗಳ ಮದುವೆಯ ವರ್ಷ, ಮತ್ತೆ ಕಿರಿಯವನು ಹುಟ್ಟಿದ ವರ್ಷ’ ಎಂಬ ಉತ್ತರ ಬರುತ್ತದೆ. ಇತಿಹಾಸ ಅಥವಾ ಕನ್ನಡ ಓದುವ ವಿದ್ಯಾರ್ಥಿ ಅದನ್ನು ಮದುವೆಯ ಕರೆಯೋಲೆ, ಶಾಲೆಯ ದಾಖಲಾತಿ ಪುಸ್ತಕದಿಂದ ಇಸವಿಗೆ ಇಳಿಸಿ, ಮಳೆಯ ದಾಖಲೆಯ ಪಕ್ಕ ಇಡಲಿ. ಅದೇ ಪ್ರಮಾಣದ ಮಳೆಗೆ ಹಿಂದೆ ತುಂಬುತ್ತಿದ್ದ ಕೆರೆ ಈಗ ತುಂಬುವುದಿಲ್ಲ ಎಂದಾದರೆ ಮಳೆಯನ್ನು ದೂರುವ ಹಾಗಿಲ್ಲ. ಮೇಲಿನ ಕಾಲುವೆಯನ್ನು, ಚೆಕ್‌ಡ್ಯಾಮ್‌ಗಳನ್ನು, ಬೋರ್‌ವೆಲ್‌ಗಳನ್ನು ನೋಡಬೇಕು.

ಹಿರಿಯರು ಎಂದರೆ ಯಾರು ಎಂಬುದನ್ನೂ ಯೋಚಿಸಿ. ಆಹ್ವಾನ ಪತ್ರಿಕೆ ಸಾಮಾನ್ಯವಾಗಿ ಹೋಗುವುದು ನಿವೃತ್ತ ಮೇಷ್ಟರಿಗೆ, ಮಾಜಿ ಅಧ್ಯಕ್ಷರಿಗೆ, ದೊಡ್ಡ ಹಿಡುವಳಿದಾರರಿಗೆ. ತೂಬು ಎತ್ತಿ ಇಳಿಸುತ್ತಿದ್ದ, ಅಚ್ಚುಕಟ್ಟಿನ ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನಿರ್ಧರಿಸುತ್ತಿದ್ದ ನೀರುಗಂಟಿ ಅನೇಕ ಊರುಗಳಲ್ಲಿ ದಲಿತ ಕುಟುಂಬದವರು. ಕೆರೆಯನ್ನು ಅವರಷ್ಟು ಬಲ್ಲವರು ಇಲ್ಲ, ಕಾರ್ಯಕ್ರಮಕ್ಕೆ ಅವರಿಗೆ ಕರೆಯೂ ಇಲ್ಲ. ನೀವೇ ಮನೆಗೆ ಹೋಗಿ ಕರೆಯಿರಿ. ಕೂಲಿ ಬಿಟ್ಟು ಬರುವವರಿಗೆ ಆ ದಿನದ ಕೂಲಿಯನ್ನು ಬಜೆಟ್ಟಿನಲ್ಲಿ ಮೊದಲೇ ಬರೆದಿಡಿ. ಹೊರಗಿನಿಂದ ಬರುವ ತಜ್ಞರಿಗೆ ಪ್ರಯಾಣ ಭತ್ಯೆ ಕೊಡುವಾಗ ಯಾರೂ ಎರಡು ಸಲ ಯೋಚಿಸುವುದಿಲ್ಲವಲ್ಲ. ಜಲಜೀವನ್ ಮಿಷನ್ ಅಡಿಯಲ್ಲಿ ಪ್ರತಿ ಹಳ್ಳಿಯಲ್ಲೂ ಐವರು ಮಹಿಳೆಯರಿಗೆ ಕಿಟ್ ಬಳಸಿ ನೀರು ಪರೀಕ್ಷಿಸುವ ತರಬೇತಿ ಕೊಡಬೇಕೆಂದಿದೆ. ನಿಮ್ಮಲ್ಲಿ ಅಂಥವರು ಇದ್ದರೆ ಅವರೂ ತಂಡದೊಳಗೆ ಬರಲಿ. ಹಿರಿಯರ ಮಾತೆಲ್ಲ ವೇದವಾಕ್ಯ ಎಂದು ಮಾತ್ರ ತಿಳಿಯಬೇಡಿ. ಕಾಲುವೆ ಯಾವ ಕಾಲದಲ್ಲೂ ಇಲ್ಲಿ ಇರಲೇ ಇಲ್ಲ ಎಂದು ಆಣೆ ಮಾಡುವ ಹಿರಿಯರ ಜಮೀನು ಆ ಕಾಲುವೆಯ ಮೇಲೆಯೇ ಇರಬಹುದು.

ಸಮಯದ ವಿಷಯ. ಮೂವತ್ತಾರು ಗಂಟೆ ನಿದ್ದೆಗೆಟ್ಟು ಕೂರುವುದನ್ನು ಕೈಬಿಡಿ. ಅರವತ್ತು ದಾಟಿದವರನ್ನೂ ಹದಿಮೂರರ ಮಕ್ಕಳನ್ನೂ ಮನೆಯಲ್ಲಿ ಹಾಲು ಕರೆಯಬೇಕಾದವರನ್ನೂ ಅದು ಮೊದಲ ಸಂಜೆಯೇ ಹೊರಹಾಕುತ್ತದೆ. ಬೆಳಿಗ್ಗೆ ಹತ್ತರಿಂದ ನಾಲ್ಕರವರೆಗೆ ಎರಡು ದಿನ ಸಾಕು. ರಾಗಿ ಕೊಯ್ಲು, ಕಣದ ಕೆಲಸ ಮುಗಿದು ಮಕ್ಕಳ ವಾರ್ಷಿಕ ಪರೀಕ್ಷೆ ಇನ್ನೂ ದೂರವಿರುವ ಸಂಕ್ರಾಂತಿಯ ನಂತರದ ಎರಡು ಮೂರು ವಾರ ನಿಮ್ಮ ಭಾಗಕ್ಕೆ ಹೊಂದುತ್ತದೆ. ಊಟ ಚೆನ್ನಾಗಿರಲಿ, ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂರಲಿ.

ಇನ್ನು ಸರ್ಕಾರದ ಬಾಗಿಲು. ಅಚ್ಚುಕಟ್ಟು 40 ಹೆಕ್ಟೇರ್‌ವರೆಗಿನ ಕೆರೆಗಳು ಪಂಚಾಯತ್ ರಾಜ್ ವ್ಯವಸ್ಥೆಗೆ, ಅದಕ್ಕಿಂತ ದೊಡ್ಡವು 2,000 ಹೆಕ್ಟೇರ್‌ವರೆಗೆ ಸಣ್ಣ ನೀರಾವರಿ ಇಲಾಖೆಗೆ ಸೇರುತ್ತವೆ. ಇದು ಗೊತ್ತಿಲ್ಲದೆ ತಪ್ಪು ಕಚೇರಿಗೆ ಮನವಿ ಕೊಟ್ಟು ವರ್ಷಗಟ್ಟಲೆ ಕಾದ ತಂಡಗಳಿವೆ. ಸಂಬಂಧಪಟ್ಟ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅಥವಾ ಎಂಜಿನಿಯರ್ ಸಮಾರೋಪಕ್ಕೆ ಬಂದು ಶುಭ ಹಾರೈಸಿದರೆ ಪ್ರಯೋಜನವಿಲ್ಲ. ಮೊದಲ ದಿನ ಬೆಳಿಗ್ಗೆ ಬಂದು ‘ಇದು ನನ್ನ ಸಮಸ್ಯೆ, ನನ್ನ ಕೈಯಲ್ಲಿ ಇಷ್ಟು ಹಣ, ಇಷ್ಟು ಅಧಿಕಾರ ಇದೆ, ಇಷ್ಟು ಇಲ್ಲ’ ಎಂದು ಹೇಳಬೇಕು. 2017ರಲ್ಲಿ ಆರಂಭವಾದ, ಕೇಂದ್ರ ಸರ್ಕಾರ ವಿದ್ಯಾರ್ಥಿಗಳಿಗಾಗಿ ನಡೆಸುವ ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್‌ನಿಂದ ಒಂದನ್ನು ಕಲಿಯಬಹುದು: ಅಲ್ಲಿ ಪ್ರಶ್ನೆಗಳನ್ನು ಸಚಿವಾಲಯಗಳು, ಇಲಾಖೆಗಳು ತಾವೇ ಬರೆದುಕೊಡುತ್ತವೆ. ಆರು ಮಂದಿಯ ತಂಡದಲ್ಲಿ ಕನಿಷ್ಠ ಒಬ್ಬ ವಿದ್ಯಾರ್ಥಿನಿ ಇರಬೇಕೆಂಬ ನಿಯಮವೂ ಇದೆ. ನೀವು ಒಂದು ಹೆಜ್ಜೆ ಮುಂದೆ ಹೋಗಿ, ಆರರಲ್ಲಿ ಇಬ್ಬರಿಗಿಂತ ಹೆಚ್ಚು ಮಂದಿ ಒಂದೇ ವಿಭಾಗದವರು ಇರಬಾರದು, ಒಬ್ಬರಾದರೂ ಆ ಹಳ್ಳಿಯಲ್ಲೇ ವಾಸಿಸುವವರಾಗಿರಬೇಕು ಎಂದು ನಿಯಮ ಮಾಡಿ.

ಹಣದ ಬಗ್ಗೆ ನನ್ನದು ಸ್ವಲ್ಪ ಹಟದ ಅಭಿಪ್ರಾಯ. ಒಟ್ಟು ಬಜೆಟ್ಟಿನ ಅರ್ಧವನ್ನು ಆ ಎರಡು ದಿನಗಳ ನಂತರಕ್ಕೆ ಎತ್ತಿಡಿ. ನಗದು ಬಹುಮಾನ, ಟೀ ಶರ್ಟು, ಫಲಕ ಇವುಗಳಲ್ಲಿ ಉಳಿಸಿದರೆ ಆಗುತ್ತದೆ. ಆಯ್ಕೆಯಾದ ಒಂದೋ ಎರಡೋ ಕೆಲಸಕ್ಕೆ ಪೈಪು, ತೊಟ್ಟಿ, ನೀರಿನ ಪರೀಕ್ಷೆ, ಓಡಾಟದ ಖರ್ಚು ಅದರಿಂದ ಸಿಗಲಿ. ವಿದ್ಯಾರ್ಥಿಗಳಿಗೆ ಅದನ್ನೇ ಕೊನೆಯ ವರ್ಷದ ಪ್ರಾಜೆಕ್ಟ್ ಎಂದು ಒಪ್ಪಿಕೊಳ್ಳಲು ನಿಮ್ಮ ಪ್ರಾಂಶುಪಾಲರನ್ನು ಈಗಲೇ ಒಪ್ಪಿಸಿ. ಅಂಕ ಸಿಗದ ಕೆಲಸಕ್ಕೆ ಮಾರ್ಚ್ ತಿಂಗಳಲ್ಲಿ ಯಾರೂ ಹಳ್ಳಿಗೆ ಹೋಗುವುದಿಲ್ಲ, ಅದರಲ್ಲಿ ಅವರ ತಪ್ಪೂ ಇಲ್ಲ. ತೀರ್ಪುಗಾರರಲ್ಲಿ ಒಬ್ಬರಾದರೂ ಆ ಪರಿಹಾರವನ್ನು ನಾಳೆ ಬಳಸಬೇಕಾದವರೇ ಆಗಿರಲಿ, ವಾಟರ್‌ಮನ್ ಆದರೂ ಸರಿ. ಆ್ಯಪ್ ಇಲ್ಲದಿದ್ದರೆ ಪತ್ರಿಕೆಯವರು ಬರುವುದಿಲ್ಲ ಎಂದು ಕಾಲೇಜಿನಲ್ಲಿ ಯಾರಾದರೂ ಗೊಣಗಿದರೆ, ಘಟಕದ ಹಿಂದಿನ ಪೈಪಿನ ಹತ್ತಿರ ಅವರನ್ನು ಕರೆದುಕೊಂಡು ಹೋಗಿ. ಸ್ಥಳೀಯ ವರದಿಗಾರರಿಗೆ ಅಲ್ಲಿ ಸುದ್ದಿ ಸಿಗುತ್ತದೆ.

ಇಷ್ಟೆಲ್ಲ ಆದ ಮೇಲೂ ವಾರಸುದಾರರು ಸಿಗದಿದ್ದರೆ? ಹ್ಯಾಕಥಾನ್ ಬೇಡ. ಅದೇ ಹಣದಲ್ಲಿ ಕಾಲುವೆಯ ನಡಿಗೆ ಮತ್ತು ನೀರಿನ ಪರೀಕ್ಷೆಯ ಶಿಬಿರ ಮಾಡಿ, ನಕ್ಷೆ ಮತ್ತು ಫಲಿತಾಂಶವನ್ನು ಪಂಚಾಯಿತಿಗೆ ಕೊಡಿ, ಮುಂದಿನ ವರ್ಷ ನೋಡೋಣ ಎನ್ನಿ. ಸಿಗುತ್ತಾರೆಯೇ ಎಂದು ತಿಳಿಯುವುದು ಕಷ್ಟವಲ್ಲ. ಒಂದು ಪುಟದ ಪತ್ರ ಬರೆದು, ಗ್ರಾಮ ಪಂಚಾಯಿತಿಯ ಮುಂದಿನ ಸಾಮಾನ್ಯ ಸಭೆಯಲ್ಲಿ ಇಡಲು ಕೇಳಿ: ಇಂಥ ಘಟಕದ ಅಥವಾ ಇಂಥ ಕಾಲುವೆಯ ಸಮಸ್ಯೆಯನ್ನು ಕಾಲೇಜಿನೊಂದಿಗೆ ಸೇರಿ ಪರಿಶೀಲಿಸಲು, ಬಂದ ಪರಿಹಾರವನ್ನು ಆರು ತಿಂಗಳು ನಡೆಸಿ ನೋಡಲು ಒಪ್ಪಿದೆ, ಹೊಣೆ ಇಂಥ ಸದಸ್ಯರದ್ದು ಮತ್ತು ಇಂಥ ನೌಕರರದ್ದು ಎಂದು. ಆ ಸಾಲು ನಡಾವಳಿ ಪುಸ್ತಕದಲ್ಲಿ ದಾಖಲಾಗಿ ಅದರ ಪ್ರತಿ ನಿಮ್ಮ ಕೈಗೆ ಬಂದ ದಿನ ಪೋಸ್ಟರನ್ನು ಅಚ್ಚಿಗೆ ಕೊಡಿ.